ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ಗೆ ಡಬಲ್ ಪೆಡಲ್: ಕಲಬುರಗಿ, ಬೀದರ್ ಕಡೆಯ ಡ್ರಮ್ಮರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವವರಲ್ಲಿ ಎರಡು ಬಗೆ. ಬೀದರ್, ಕಲಬುರಗಿಯ ಚರ್ಚುಗಳಲ್ಲಿ ಭಾನುವಾರದ ಆರಾಧನೆಗೆ ನುಡಿಸುವ ಹುಡುಗರು ಒಂದು ಕಡೆ, ಮಹಡಿಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೆಟಲ್ ನುಡಿಸುವವರು ಇನ್ನೊಂದು ಕಡೆ. ಇಬ್ಬರ ದೂರೂ ಒಂದೇ: ಎಡಗಾಲಿನ ಪೆಟ್ಟು ಸರಿಯಾಗಿ ಬೀಳುವುದಿಲ್ಲ. ಇಬ್ಬರೂ ಕೊಡುವ ಕಾರಣವೂ ಒಂದೇ: ಎಡಗಾಲಿಗೆ ಶಕ್ತಿ ಸಾಲದು. ಬಹಳ ಸಲ ಕಾಲು ನಿರಪರಾಧಿ. ದೋಷ ಪ್ಯಾಡಿನ ಅಗಲದಲ್ಲೋ, ಎರಡು ಪೆಡಲ್‌ಗಳನ್ನು ಸೇರಿಸುವ ದಂಡದ ಓರೆಯಲ್ಲೋ, ಮಾಡ್ಯೂಲಿನೊಳಗೆ (ಪ್ಯಾಡಿನ ಪೆಟ್ಟನ್ನು ಸದ್ದಾಗಿಸುವ ಪೆಟ್ಟಿಗೆ) ಯಾರೂ ಮುಟ್ಟದ ಒಂದು ಸಂಖ್ಯೆಯಲ್ಲೋ ಅಡಗಿರುತ್ತದೆ. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಡಬಲ್ ಪೆಡಲ್ ಎಂದರೆ ಎರಡು ಪೆಡಲ್ ತಾನೇ?

ಹೌದು, ಆದರೆ ಅವುಗಳ ಸ್ಥಾನಮಾನ ಸಮವಲ್ಲ. ಬಲಗಾಲಿನ ಮುಖ್ಯ ಪೆಡಲ್ ಕಿಕ್ ಪ್ಯಾಡಿಗೆ, ಅಂದರೆ ಬಾಸ್ ಡ್ರಮ್ಮಿನ ಬದಲಿಗೆ ಇರುವ ಪ್ಯಾಡಿಗೆ, ನೇರವಾಗಿ ಕಚ್ಚಿಕೊಳ್ಳುತ್ತದೆ. ಪ್ಯಾಡಿಗೆ ಬಡಿಯುವ ಎರಡು ಸುತ್ತಿಗೆಗಳೂ, ಅಂದರೆ ಬೀಟರ್‌ಗಳೂ, ಈ ಪೆಡಲಿನ ಮೇಲೆಯೇ ನಿಂತಿರುತ್ತವೆ. ಎಡ ಪೆಡಲ್ ದೂರದಲ್ಲಿ ಕುಳಿತು ಒಂದು ಉದ್ದನೆಯ ದಂಡದ ಮೂಲಕ ತನ್ನ ಪಾಲಿನ ಬೀಟರನ್ನು ತಿರುಗಿಸುತ್ತದೆ. ದಂಡದ ಎರಡು ತುದಿಗಳಲ್ಲಿ ಯಾವ ಕಡೆಗಾದರೂ ಬಾಗಬಲ್ಲ ಯೂನಿವರ್ಸಲ್ ಜಾಯಿಂಟ್‌ಗಳಿರುತ್ತವೆ. ಎಡಗಾಲಿನ ಬಲ ಈ ದಾರಿಯನ್ನೆಲ್ಲ ಸುತ್ತಿಕೊಂಡು ಬರಬೇಕು.

ಇದಕ್ಕೂ ಮುಂಚೆ ಎರಡು ಬಾಸ್ ಡ್ರಮ್‌ಗಳನ್ನೇ ಇಟ್ಟುಕೊಳ್ಳುವ ರೂಢಿ ಇತ್ತು. ಜಾಝ್ ಡ್ರಮ್ಮರ್ ಲೂಯಿ ಬೆಲ್ಸನ್ ಅದನ್ನು ಜನಪ್ರಿಯಗೊಳಿಸಿದವರು. ಒಂದೇ ಡ್ರಮ್ಮಿಗೆ ಎರಡು ಬೀಟರ್ ಜೋಡಿಸುವ ಪೆಡಲ್ ಮಾರುಕಟ್ಟೆಯಲ್ಲಿ ನೆಲೆ ಕಂಡದ್ದು 1980ರ ದಶಕದಲ್ಲಿ. 1983ರಲ್ಲಿ ಬಂದ ಡಿಡಬ್ಲ್ಯೂ ಕಂಪನಿಯ 5002 ಇವತ್ತಿನ ಬಹುತೇಕ ಮಾದರಿಗಳಿಗೆ ಹಿರಿಯಣ್ಣ.

ನನ್ನ ಕಿಟ್‌ಗೆ ಡಬಲ್ ಪೆಡಲ್ ಹೊಂದುತ್ತದೆಯೇ?

ಪೆಡಲ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೇಳುವವರು ಮಾತ್ರ ಕೊಂಡ ಮೇಲೆ ಕೇಳುತ್ತಾರೆ.

ಮೊದಲು ಕಿಕ್ ಪ್ಯಾಡಿನ ಅಗಲ ನೋಡಿ. ಎರಡು ಬೀಟರ್‌ಗಳು ಪಕ್ಕಪಕ್ಕದಲ್ಲಿ ನಿಂತಾಗ ಒಂದು ಅಂಗೈಗಿಂತ ಹೆಚ್ಚು ಅಗಲ ಬೇಕಾಗುತ್ತದೆ. ಅಗ್ಗದ ಕಿಟ್‌ಗಳ ಕಿಕ್ ಪ್ಯಾಡ್ ಕೆಲವೊಮ್ಮೆ ಎಷ್ಟು ಚಿಕ್ಕದಿರುತ್ತದೆಂದರೆ ಒಂದು ಬೀಟರ್ ಅಂಚಿಗೆ, ಇಲ್ಲವೇ ಅಂಚಿನ ಆಚೆಯ ಪ್ಲಾಸ್ಟಿಕ್ಕಿಗೆ ಬಡಿಯುತ್ತದೆ. ರೋಲ್ಯಾಂಡ್ ಕೆಡಿ-10, ಯಮಾಹಾ ಕೆಪಿ100 ಮುಂತಾದವುಗಳ ಮುಖ ಡಬಲ್ ಪೆಡಲ್‌ಗೆ ಸಾಕಾಗುವಷ್ಟು ಅಗಲವಿದೆ. ನಿಮ್ಮದು ಬೇರೆ ಮಾದರಿಯಾದರೆ ಎರಡು ಬೀಟರ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ ತೆಗೆದು ಪ್ಯಾಡಿನ ಮೇಲೆ ಸ್ಕೇಲ್ ಇಟ್ಟು ನೋಡಿ.

ಎರಡನೆಯದು ಭಾರ. ಹಗುರವಾದ ಕಿಕ್ ಪ್ಯಾಡ್ ಒಂದು ಬೀಟರಿನ ಪೆಟ್ಟನ್ನು ಹೇಗೋ ತಡೆದುಕೊಳ್ಳುತ್ತದೆ. ಎರಡು ಕಾಲುಗಳ ಸತತ ಪೆಟ್ಟಿಗೆ ಹಿಂದಕ್ಕೆ ಸರಿಯುತ್ತದೆ, ಇಲ್ಲವೇ ಗೋಡೆಯ ಕಡೆಗೆ ವಾಲುತ್ತದೆ. ಮೂರನೆಯದು ಕಿಟ್‌ನ ಚೌಕಟ್ಟು. ಕಿರಿದಾದ ರ್‍ಯಾಕ್ ಇರುವ ಕಿಟ್‌ಗಳಲ್ಲಿ ಎಡ ಪೆಡಲ್ ಇಡಬೇಕಾದ ಜಾಗದಲ್ಲಿಯೇ ರ್‍ಯಾಕಿನ ಕಾಲು ಬಂದು ನಿಂತಿರುತ್ತದೆ. ಹಿಡಿಕೆ ಸಡಿಲಿಸಿ ಆ ಕಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಲು ಸಾಧ್ಯವೇ ಎಂದು ಮೊದಲೇ ನೋಡಿಕೊಳ್ಳಿ.

ನನ್ನ ಕಿಟ್‌ನಲ್ಲಿ ಬೀಟರ್ ಇಲ್ಲದ ಪೆಡಲ್ ಇದೆ. ಅದಕ್ಕೆ ಎರಡನೆಯದನ್ನು ಸೇರಿಸಬಹುದೇ?

ದಂಡದಿಂದ ಜೋಡಿಸುವ ಡಬಲ್ ಪೆಡಲ್ ಅದಕ್ಕೆ ಬರುವುದಿಲ್ಲ, ಏಕೆಂದರೆ ಬೀಟರ್ ಬಡಿಯಲು ಪ್ಯಾಡೇ ಇಲ್ಲ. ಎರಡು ದಾರಿಗಳಿವೆ. ಅಂಥದ್ದೇ ಇನ್ನೊಂದು ಪೆಡಲ್ ತಂದು ಮಾಡ್ಯೂಲಿನ ಬೇರೆ ಕಿಂಡಿಗೆ ಹಾಕಬಹುದು, ಇಲ್ಲವೇ ಕಿಕ್ ಪ್ಯಾಡನ್ನೇ ಪ್ರತ್ಯೇಕವಾಗಿ ಕೊಂಡು ಡಬಲ್ ಪೆಡಲ್ ಹಾಕಬಹುದು. ಕೆಳಗಿನ ಮನೆಯವರ ನಿದ್ದೆ ಮುಖ್ಯವಾದರೆ ಮೊದಲನೆಯದು, ಮುಂದೆ ನಿಜವಾದ ಡ್ರಮ್ ಸೆಟ್ ನುಡಿಸುವ ಆಸೆ ಇದ್ದರೆ ಎರಡನೆಯದು. ಬೀಟರ್ ಇಲ್ಲದ ಪೆಡಲಿನ ಮೇಲೆ ಬೆಳೆದ ಕಾಲು ನಿಜವಾದ ಬೀಟರಿನ ಹಿನ್ನೆಗೆತಕ್ಕೆ ಹೊಂದಿಕೊಳ್ಳಲು ತಡ ಮಾಡುತ್ತದೆ.

ಎರಡು ಕಿಕ್ ಪ್ಯಾಡ್‌ಗಳನ್ನು ವೈ ಕೇಬಲ್‌ನಿಂದ ಒಂದೇ ಕಿಂಡಿಗೆ ಸೇರಿಸಿದರೆ ಸಾಲದೇ?

ಸದ್ದು ಬರುತ್ತದೆ, ಆದರೆ ನಾನು ಸಲಹೆ ಮಾಡುವುದಿಲ್ಲ. ಎರಡು ಸೆನ್ಸರ್‌ಗಳು ಒಂದೇ ತಂತಿಯಲ್ಲಿ ಸೇರಿದಾಗ ಒಂದರ ಸಂಕೇತವನ್ನು ಇನ್ನೊಂದು ಸ್ವಲ್ಪ ಕುಗ್ಗಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎರಡೂ ಕಾಲುಗಳ ಸೂಕ್ಷ್ಮತೆಯನ್ನು ಬೇರೆಬೇರೆಯಾಗಿ ಹೊಂದಿಸಲು ಆಗುವುದಿಲ್ಲ. ಮಾಡ್ಯೂಲಿನಲ್ಲಿ ಟಾಮ್ 4 ಅಥವಾ ಕ್ರ್ಯಾಶ್ 2 ಎಂದು ಬರೆದ ಖಾಲಿ ಕಿಂಡಿ ಇದ್ದರೆ ಎರಡನೆಯ ಪ್ಯಾಡನ್ನು ಅಲ್ಲಿಗೆ ಹಾಕಿ, ಆ ಕಿಂಡಿಗೆ ಕಿಕ್ ಧ್ವನಿಯನ್ನೇ ಕೊಡಿ. ಎಡಕ್ಕೊಂದು, ಬಲಕ್ಕೊಂದು ಹೊಂದಾಣಿಕೆ ಸಿಗುತ್ತದೆ.

ಡಬಲ್ ಪೆಡಲನ್ನು ಯಾವ ಕ್ರಮದಲ್ಲಿ ಜೋಡಿಸಬೇಕು?

ಎಲ್ಲರೂ ಪ್ಯಾಡಿನಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಸ್ಟೂಲಿನಿಂದ.

ಕಿಟ್ ಪಕ್ಕಕ್ಕೆ ಸರಿಸಿ, ಖಾಲಿ ನೆಲದ ಮೇಲೆ ಸ್ಟೂಲ್ ಹಾಕಿ ಕುಳಿತುಕೊಳ್ಳಿ. ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗಿರಲಿ. ಎರಡೂ ಪಾದಗಳನ್ನು ತಾವಾಗಿಯೇ ಬೀಳುವ ಹಾಗೆ ನೆಲದ ಮೇಲಿಡಿ. ಅವು ಸಮಾಂತರವಾಗಿ ಇರುವುದಿಲ್ಲ, ತುದಿಗಳು ಹೊರಕ್ಕೆ ತೆರೆದಿರುತ್ತವೆ. ಆ ಎರಡು ಪಾದಗಳ ಗುರುತನ್ನು ಸೀಮೆಸುಣ್ಣದಿಂದ ನೆಲಕ್ಕೆ ಎಳೆಯಿರಿ. ಪೆಡಲ್‌ಗಳು ಬರಬೇಕಾದ್ದು ಆ ಗುರುತಿನ ಮೇಲೆ. ಪ್ಯಾಡ್ ಬಲ ಪೆಡಲಿನ ಮುಂದೆ ಬರುತ್ತದೆ, ಅಂದರೆ ನಿಮ್ಮ ಮೈಯ ನಡುಗೆರೆಗಿಂತ ಬಲಕ್ಕೆ. ಇದು ವಿಚಿತ್ರವಾಗಿ ಕಾಣುತ್ತದೆ, ಕಾಣಲಿ. ಸ್ನೇರ್ ಎರಡು ಮಂಡಿಗಳ ನಡುವೆ ಇರಬೇಕು, ಉಳಿದ ಪ್ಯಾಡ್‌ಗಳು ಸ್ನೇರನ್ನು ಅನುಸರಿಸಬೇಕು. ಕಿಕ್ ಪ್ಯಾಡನ್ನು ಮಧ್ಯದಲ್ಲಿ ಶೋಭೆಗೆ ಕೂರಿಸಿ ಎಡಗಾಲನ್ನು ದೂರಕ್ಕೆ ಚಾಚುವವರೇ ಸೊಂಟ ನೋವೆಂದು ಹೇಳುವುದು.

ಈಗ ಮುಖ್ಯ ಪೆಡಲನ್ನು ಪ್ಯಾಡಿಗೆ ಕಚ್ಚಿಸಿ. ಸೆನ್ಸರ್ ಸಾಮಾನ್ಯವಾಗಿ ಪ್ಯಾಡಿನ ನಡುಭಾಗದ ಹಿಂದೆ ಇರುತ್ತದೆ, ಆದ್ದರಿಂದ ಎರಡು ಬೀಟರ್‌ಗಳ ನಡುವಿನ ಸಂದು ಪ್ಯಾಡಿನ ನಡುಗೆರೆಗೆ ಬರಬೇಕು. ಒಂದೇ ಪೆಡಲ್ ಇದ್ದಾಗ ಬಲ ಬೀಟರ್ ನಡುವಿನಲ್ಲಿತ್ತು. ಅದನ್ನು ಅಲ್ಲಿಯೇ ಬಿಟ್ಟು ಎಡ ಬೀಟರನ್ನು ಪಕ್ಕದಲ್ಲಿ ತೂರಿಸಿದರೆ ಎಡದ ಪೆಟ್ಟು ಸೆನ್ಸರಿನಿಂದ ದೂರ ಬಿದ್ದು ಸಣ್ಣದಾಗಿ ಕೇಳಿಸುತ್ತದೆ. ಬಲ ಬೀಟರ್ ನಡುವಿನ ಸಿಂಹಾಸನ ಬಿಟ್ಟುಕೊಡಲೇಬೇಕು. ಬೀಟರ್‌ಗಳ ಎತ್ತರವೂ ಒಂದೇ ಇರಲಿ.

ಕೊನೆಗೆ ದಂಡ. ಅದರ ಉದ್ದವನ್ನು ಎಡ ಪೆಡಲಿನ ಜಾಗಕ್ಕೆ ತಕ್ಕಂತೆ ಹೊಂದಿಸಿ ಬಿಗಿಮಾಡಿ. ದಂಡ ಸಾಧ್ಯವಾದಷ್ಟು ನೆಲಕ್ಕೆ ಸಮಾಂತರವಾಗಿರಲಿ, ಜಾಯಿಂಟ್‌ಗಳಲ್ಲಿ ಮಡಿಕೆ ಕಡಿಮೆ ಇರಲಿ. ಹೆಚ್ಚಿನವರು ಗಮನಿಸದ ಒಂದು ಅಂಶ ಇಲ್ಲಿದೆ. ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗಿದಾಗ ಅದರ ಆಚೆಯ ದಂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಒಮ್ಮೆ ಮುಂದೋಡಿ ಒಮ್ಮೆ ಹಿಂದುಳಿಯುತ್ತದೆ. ಎರಡನೆಯ ಜಾಯಿಂಟ್ ಆ ಏರುಪೇರನ್ನು ಅಳಿಸಿಹಾಕಬಲ್ಲದು. ಆದರೆ ಎರಡರ ಓರೆಯೂ ಸಮನಾಗಿರಬೇಕು, ದಂಡದ ಎರಡೂ ತುದಿಯ ಕವಲುಗಳು ಒಂದೇ ದಿಕ್ಕಿಗೆ ನಿಂತಿರಬೇಕು. ದಂಡವನ್ನು ಬಿಚ್ಚಿ ಜೋಡಿಸುವಾಗ ಒಂದು ಕವಲು ಅಡ್ಡ, ಇನ್ನೊಂದು ಲಂಬವಾದರೆ ಎಡ ಪೆಡಲ್ ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡ ಹಾಗೆ ಭಾಸವಾಗುತ್ತದೆ.

ಎಡ ಪೆಡಲಿಗೆ ದಂಡದ ಹೊರೆ ಇರುವುದರಿಂದ ಅದರ ಸ್ಪ್ರಿಂಗನ್ನು ಬಲಕ್ಕಿಂತ ತುಸು ಬಿಗಿಯಾಗಿ ಇಡಿ. ಎಷ್ಟು ಎಂದು ಸಂಖ್ಯೆ ಹೇಳಲಾಗದು. ಎರಡು ಬೀಟರ್‌ಗಳನ್ನೂ ಕೈಯಿಂದ ಹಿಂದಕ್ಕೆಳೆದು ಒಟ್ಟಿಗೆ ಬಿಡಿ. ಎರಡೂ ಸುಮಾರು ಒಂದೇ ಲಯದಲ್ಲಿ ತೂಗಾಡಿ ನಿಂತರೆ ಸರಿ.

ಎಲ್ಲ ಮಾಡಿದೆ. ಆದರೂ ಎಡ ಪೆಟ್ಟು ದುರ್ಬಲ. ಕಾಲಿನ ತಪ್ಪೋ ಯಂತ್ರದ ತಪ್ಪೋ ತಿಳಿಯುವುದು ಹೇಗೆ?

ಸ್ಟೂಲನ್ನು ಎಡಕ್ಕೆ ಸರಿಸಿ, ಎಡ ಪೆಡಲಿನ ಮೇಲೆ ಬಲಗಾಲು ಇಟ್ಟು ನುಡಿಸಿ. ಬಲಗಾಲಿಗೂ ಪೆಟ್ಟು ಸಣ್ಣದಾಗಿಯೇ ಬಂದರೆ ನಿಮ್ಮ ಎಡಗಾಲನ್ನು ಬೈಯುವುದು ನಿಲ್ಲಿಸಿ, ಬೀಟರಿನ ಜಾಗ, ದಂಡ, ಸ್ಪ್ರಿಂಗ್ ನೋಡಿ. ಬಲಗಾಲಿಗೆ ಪೆಟ್ಟು ಗಟ್ಟಿಯಾಗಿ ಬಂದರೆ ಯಂತ್ರ ಸರಿಯಿದೆ, ಅಭ್ಯಾಸ ಬಾಕಿಯಿದೆ.

ಮಾಡ್ಯೂಲ್ ಮಿಡಿ ಸಂಕೇತ (ಪ್ರತಿ ಪೆಟ್ಟನ್ನೂ ಅಂಕಿಯಾಗಿ ತಿಳಿಸುವ ಸಂಕೇತ) ಕಳಿಸುವಂಥದ್ದಾದರೆ ಇನ್ನೂ ನಿಖರವಾದ ಸಾಕ್ಷಿ ಸಿಗುತ್ತದೆ. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಯಾವುದಾದರೂ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಎಡ–ಬಲ ಪೆಟ್ಟುಗಳನ್ನು ದಾಖಲಿಸಿ. ಪ್ರತಿ ಪೆಟ್ಟಿನ ಬಲ 1ರಿಂದ 127ರವರೆಗಿನ ಅಂಕಿಯಾಗಿ ಕಾಣುತ್ತದೆ. ಬಲದ ಪೆಟ್ಟುಗಳು 100ರ ಆಸುಪಾಸು, ಎಡದವು 60ರ ಆಸುಪಾಸು ಇದ್ದರೆ ವ್ಯತ್ಯಾಸ ಕಣ್ಣಿಗೇ ರಾಚುತ್ತದೆ. ಕಿವಿ ಮೋಸ ಮಾಡಬಹುದು, ಅಂಕಿ ಮಾಡುವುದಿಲ್ಲ.

ವೇಗವಾಗಿ ನುಡಿಸಿದಾಗ ಕೆಲವು ಪೆಟ್ಟುಗಳು ಕಾಣೆಯಾಗುತ್ತವೆ. ಏಕೆ?

ಮಾಡ್ಯೂಲ್ ಅವುಗಳನ್ನು ಬೇಕೆಂದೇ ನುಂಗುತ್ತಿದೆ. ಬೀಟರ್ ಪ್ಯಾಡಿಗೆ ಬಡಿದು ಅದುರಿದಾಗ ಒಂದು ಪೆಟ್ಟು ಎರಡಾಗಿ ಕೇಳಬಾರದೆಂದು, ಒಂದು ಪೆಟ್ಟಿನ ನಂತರ ಕೆಲವು ಮಿಲಿಸೆಕೆಂಡು ಮಾಡ್ಯೂಲ್ ಕಿವಿ ಮುಚ್ಚಿಕೊಳ್ಳುತ್ತದೆ. ರೋಲ್ಯಾಂಡ್ ಇದನ್ನು ಮಾಸ್ಕ್ ಟೈಮ್ ಎನ್ನುತ್ತದೆ, ಯಮಾಹಾ ರಿಜೆಕ್ಟ್ ಟೈಮ್ ಎನ್ನುತ್ತದೆ. ಒಂದು ಕಾಲಿಗೆ ಹೊಂದಿಸಿದ ಈ ಅವಧಿ ಎರಡು ಕಾಲುಗಳ ವೇಗಕ್ಕೆ ಉದ್ದವಾಗಬಹುದು.

ಲೆಕ್ಕ ಸುಲಭ. ನಿಮಿಷಕ್ಕೆ 120 ತಾಳದಲ್ಲಿ ಒಂದು ತಾಳಕ್ಕೆ ನಾಲ್ಕು ಪೆಟ್ಟು ಹಾಕಿದರೆ ಪೆಟ್ಟುಗಳ ನಡುವೆ 125 ಮಿಲಿಸೆಕೆಂಡು ಇರುತ್ತದೆ. 200ಕ್ಕೆ ಏರಿದರೆ 75. ಇದು ಎರಡೂ ಕಾಲು ಸಮವಾಗಿ ಬಿದ್ದಾಗಿನ ಮಾತು. ಎಡಗಾಲು ತುಸು ಅವಸರ ಮಾಡಿದರೆ ಆ 75 ಸುಲಭವಾಗಿ 50 ಆಗುತ್ತದೆ. ಮಾಸ್ಕ್ ಟೈಮ್ 60ರಲ್ಲಿ ಕುಳಿತಿದ್ದರೆ ಆ ಪೆಟ್ಟು ಹೋಯಿತು. ಹಾಗಾಗಿ ಅದನ್ನು ಹಂತ ಹಂತವಾಗಿ ಇಳಿಸುತ್ತ ಬನ್ನಿ. ಒಂದೇ ಪೆಟ್ಟಿಗೆ ಎರಡು ಸದ್ದು ಬರಲು ಆರಂಭವಾದ ಕೂಡಲೇ ನಿಲ್ಲಿಸಿ, ಸ್ವಲ್ಪ ಮೇಲಕ್ಕೆ ತನ್ನಿ.

ರಿಟ್ರಿಗರ್ ಕ್ಯಾನ್ಸಲ್ ಎಂಬ ಇನ್ನೊಂದು ಹೊಂದಾಣಿಕೆಯೂ ಇದೇ ಕೆಲಸಕ್ಕೆ ಇರುವುದು. ಅದನ್ನು ಜಾಸ್ತಿ ಇಟ್ಟರೂ ವೇಗದ ಪೆಟ್ಟುಗಳು ಮಾಯವಾಗುತ್ತವೆ. ಥ್ರೆಶೋಲ್ಡ್, ಅಂದರೆ ಮಾಡ್ಯೂಲ್ ಲೆಕ್ಕಕ್ಕೆ ತೆಗೆದುಕೊಳ್ಳುವ ಕನಿಷ್ಠ ಬಲ, ಎತ್ತರದಲ್ಲಿದ್ದರೆ ಮೆಲುವಾದ ಪೆಟ್ಟುಗಳು ಬಾಗಿಲಲ್ಲೇ ನಿಲ್ಲುತ್ತವೆ, ಬಲಿಯಾಗುವುದು ಸಾಮಾನ್ಯವಾಗಿ ಎಡಗಾಲು. ಸ್ನೇರ್ ಬಾರಿಸಿದಾಗ ಮಾತ್ರ ಕಿಕ್ ಕಾಣೆಯಾಗುತ್ತಿದ್ದರೆ ಕ್ರಾಸ್‌ಟಾಕ್ ಅಂಕಿಯನ್ನು (ಬೇರೆ ಪ್ಯಾಡಿನ ಅದುರನ್ನು ಪೆಟ್ಟೆಂದು ಎಣಿಸದಂತೆ ತಡೆಯುವ ಹೊಂದಾಣಿಕೆ) ಇಳಿಸಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಗುಣವಾದದ್ದು ಯಾವುದರಿಂದ ಎಂದು ದೇವರಿಗೇ ಗೊತ್ತು.

ಒಂದು ಪೆಟ್ಟಿಗೆ ಎರಡು ಸದ್ದು ಬರುವುದು ಅಂಕಿ ಬದಲಿಸಿದರೂ ನಿಲ್ಲದಿದ್ದರೆ ಕಾಲಿನ ಕಡೆ ನೋಡಿ. ಬಡಿದ ಮೇಲೆ ಬೀಟರನ್ನು ಪ್ಯಾಡಿಗೆ ಒತ್ತಿ ಹಿಡಿಯುವ ಅಭ್ಯಾಸವಿದ್ದರೆ ಅದು ಅಲ್ಲಿಯೇ ನಡುಗಿ ಮತ್ತೊಮ್ಮೆ ಸದ್ದು ಎಬ್ಬಿಸುತ್ತದೆ. ಬಡಿದು ಹಿಂದೆಗೆಯುವುದನ್ನು ಕಲಿಯಿರಿ. ಈ ಸೀಮೆಯ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಕೈಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಅಂಗೈ ಹಿಟ್ಟಿನ ಮೇಲೆ ಕೂರುವುದೇ ಇಲ್ಲ.

ಎಡಗಾಲು ಪೆಡಲಿನ ಮೇಲಿದ್ದರೆ ಹೈ-ಹ್ಯಾಟ್ ಗತಿಯೇನು?

ಡಬಲ್ ಪೆಡಲ್ ನುಡಿಸುವಷ್ಟು ಹೊತ್ತು ಹೈ-ಹ್ಯಾಟ್ ತೆರೆದೇ ಇರುತ್ತದೆ, ಪ್ರತಿ ಪೆಟ್ಟಿಗೂ ಝಣ್ ಎನ್ನುತ್ತದೆ. ಅಕೌಸ್ಟಿಕ್ ಸೆಟ್‌ನಲ್ಲಿ ಇದಕ್ಕೆಂದೇ ಡ್ರಾಪ್ ಕ್ಲಚ್ (ಕಾಲಿಲ್ಲದೆಯೂ ಹೈ-ಹ್ಯಾಟ್ ಮುಚ್ಚಿಡುವ ಹಿಡಿಕೆ) ಬಳಸುತ್ತಾರೆ. ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಇದಕ್ಕಿಂತ ಚೆಂದದ ಉಪಾಯವಿದೆ. ಒಂದು ಸಿಂಬಲ್ ಪ್ಯಾಡನ್ನು ಬಲಭಾಗದಲ್ಲಿ ಹೆಚ್ಚುವರಿಯಾಗಿ ನಿಲ್ಲಿಸಿ, ಅದಕ್ಕೆ ಮುಚ್ಚಿದ ಹೈ-ಹ್ಯಾಟ್ ಧ್ವನಿ ಕೊಟ್ಟುಬಿಡಿ. ಎರಡೂ ಕಾಲುಗಳು ಕಿಕ್ ಮೇಲಿದ್ದಾಗ ಬಲಗೈ ಅಲ್ಲಿ ನುಡಿಸುತ್ತದೆ, ಕೈಗಳು ಒಂದನ್ನೊಂದು ದಾಟಬೇಕಾದ್ದೂ ಇಲ್ಲ. ಸಾಮಾನ್ಯ ಹಾಡುಗಳಿಗೆ ಹಳೆಯ ಹೈ-ಹ್ಯಾಟ್ ಇದ್ದೇ ಇದೆ.

ಜಾಗದ ವಿಷಯಕ್ಕೆ ಬಂದರೆ, ಎಡ ಪೆಡಲ್ ಒಳಗೆ, ಹೈ-ಹ್ಯಾಟ್ ಪೆಡಲ್ ಅದರ ಹೊರಗೆ, ಎರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಇರಲಿ. ಹಿಮ್ಮಡಿ ನೆಟ್ಟಲ್ಲೇ ಇದ್ದು ಪಾದ ತಿರುಗಿದರೆ ಸಾಕೆನ್ನುವಂತಿರಬೇಕು. ಪ್ರತ್ಯೇಕ ಸ್ಟ್ಯಾಂಡ್ ಇದ್ದರೆ ಅದರ ಕಾಲುಗಳನ್ನು ತಿರುಗಿಸಿ ಜಾಗ ಮಾಡಿಕೊಳ್ಳಿ.

ಬೀಟರ್ ಯಾವುದು ಒಳ್ಳೆಯದು?

ಮೆಶ್ ಪ್ಯಾಡಿಗೆ, ಅಂದರೆ ಬಲೆಯಂಥ ಬಟ್ಟೆಯ ಪ್ಯಾಡಿಗೆ, ನುಣುಪಾದ ಪ್ಲಾಸ್ಟಿಕ್ ಬೀಟರ್. ಫೆಲ್ಟ್ ಅದರ ಮೇಲೆ ಉಜ್ಜಿ ನೂಲು ಬಿಡುತ್ತದೆ. ರಬ್ಬರ್ ಅಥವಾ ಬಟ್ಟೆ ಹೊದಿಸಿದ ಪ್ಯಾಡಿಗೆ ಎರಡೂ ನಡೆಯುತ್ತವೆ. ಮರದ ಬೀಟರ್ ಬೇಡ. ಎಡ ಬಲಕ್ಕೆ ಬೇರೆಬೇರೆ ಬೀಟರ್ ಹಾಕಬೇಡಿ.

ಶಹಾಬಾದ್ ಕಲ್ಲಿನ ನೆಲದ ಮೇಲೆ ಪೆಡಲ್ ಜಾರುತ್ತದೆ. ಏನು ಮಾಡಲಿ?

ನಮ್ಮ ಕಡೆಯ ಅರ್ಧ ಮನೆಗಳ ಪ್ರಶ್ನೆ ಇದು. ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಬೇಸಿಗೆಯಲ್ಲಿ ಪಾದಕ್ಕೆ ತಂಪು, ಪೆಡಲಿಗೆ ಶತ್ರು. ಪೆಡಲಿನ ಮುಂದಿನ ಮೊಳೆಗಳನ್ನು ನೇರವಾಗಿ ಕಲ್ಲಿಗೆ ಊರಿದರೆ ಕಲ್ಲಿಗೆ ಗೀರು ಬೀಳುತ್ತದೆ, ಪೆಡಲ್ ಹೇಗೂ ಜಾರುತ್ತದೆ. ಜಮಖಾನೆ ಹಾಸಿದರೆ ಪೆಡಲ್ ಜಮಖಾನೆಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಬೇಕಾದದ್ದು ಕೆಳಗೆ ರಬ್ಬರ್, ಮೇಲೆ ಒರಟು ಎಳೆಗಳಿರುವ ದಪ್ಪ ಕಾರ್ಪೆಟ್. ಅದು ಸ್ಟೂಲಿನ ಕೆಳಗೂ ಬರುವಷ್ಟು ದೊಡ್ಡದಿರಬೇಕು, ಆಗ ನಿಮ್ಮ ಮೈಭಾರವೇ ಹಾಸನ್ನು ಹಿಡಿದಿಡುತ್ತದೆ. ಪೆಡಲಿನ ತಳಕ್ಕೆ ವೆಲ್‌ಕ್ರೋ ಪಟ್ಟಿ ಅಂಟಿಸಿದರೆ ಇನ್ನೂ ಭದ್ರ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಕೋಣೆಯಲ್ಲಿ ಅಗ್ಗದ ಅಂಟು ಮೆತ್ತಗಾಗಿ ಪಟ್ಟಿ ಕಳಚುತ್ತದೆ, ನೋಡಿಕೊಳ್ಳಿ.

ಕೆಳಗಿನ ಮನೆಯವರ ದೂರು ಬೇರೆ ವಿಷಯ. ಅವರಿಗೆ ಕೇಳುವುದು ಗಾಳಿಯಲ್ಲಿ ಬರುವ ಸದ್ದಲ್ಲ, ಬೀಟರಿನ ಪೆಟ್ಟು ಚಾವಣಿಯ ಕಾಂಕ್ರೀಟಿನಲ್ಲಿ ಇಳಿದು ಬರುವ ಅದುರು. ಅದಕ್ಕೆ ಕಾರ್ಪೆಟ್ ಮದ್ದಲ್ಲ. ಎರಡು ದಪ್ಪ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಸಾಲಾಗಿ ಕೂರಿಸಿ, ಆ ವೇದಿಕೆಯ ಮೇಲೆ ಇಡೀ ಕಿಟ್ ಮತ್ತು ಸ್ಟೂಲ್ ಇಡುವುದು ಜಗತ್ತಿನಾದ್ಯಂತ ಡ್ರಮ್ಮರ್‌ಗಳು ಮಾಡುವ ಉಪಾಯ. ಚೆಂಡು ಉರುಳದಂತೆ ಕೆಳ ಹಲಗೆಯಲ್ಲಿ ಗುಳಿಗಳನ್ನು ಕೊರೆಸಿ. ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ, ಏನಕ್ಕೆಂದು ಹೇಳಿದರೆ ನಗುತ್ತಾನೆ ಅಷ್ಟೇ.

ವೇಗ ಹೆಚ್ಚಾದರೆ ಸದ್ದೆಲ್ಲ ಕಲಸಿಹೋಗುತ್ತದೆ.

ನೀವು ಆರಿಸಿಕೊಂಡ ಕಿಕ್ ಧ್ವನಿ ಉದ್ದವಾಗಿದೆ. 50 ಹರ್ಟ್ಸ್‌ನ ತಗ್ಗು ಸ್ವರದ ಒಂದು ಅಲೆಗೆ 20 ಮಿಲಿಸೆಕೆಂಡು ಬೇಕು. 75 ಮಿಲಿಸೆಕೆಂಡಿಗೊಂದು ಪೆಟ್ಟು ಬಿದ್ದರೆ ನಾಲ್ಕು ಅಲೆಗಳೂ ಪೂರ್ತಿಯಾಗುವ ಮೊದಲೇ ಮುಂದಿನದು ಬಂದು ಬೀಳುತ್ತದೆ. ಡಿಕೇ (ಸದ್ದು ಆರುವ ಅವಧಿ) ಕಡಿಮೆ ಮಾಡಿ, ಕಿಕ್‌ನ ರಿವರ್ಬ್ (ಪ್ರತಿಧ್ವನಿ) ತೆಗೆಯಿರಿ, ಬೀಟರಿನ ಟಿಕ್ ಸದ್ದು ಸ್ಪಷ್ಟವಾಗಿ ಕೇಳುವ ಧ್ವನಿ ಆರಿಸಿ. ದೊಡ್ಡ ಸಭಾಂಗಣದಲ್ಲಿ ಮಿಕ್ಸರ್‌ನಲ್ಲಿ 300 ಹರ್ಟ್ಸ್ ಸುತ್ತಮುತ್ತ ತುಸು ತಗ್ಗಿಸಿ, 3ರಿಂದ 5 ಕಿಲೋಹರ್ಟ್ಸ್ ನಡುವೆ ತುಸು ಏರಿಸಿ.

ಬ್ಲೂಟೂತ್ ಹೆಡ್‌ಫೋನ್ ಬಳಸಬಹುದೇ?

ಬೇಡ. ಸಾಮಾನ್ಯ ಬ್ಲೂಟೂತ್ 100 ಮಿಲಿಸೆಕೆಂಡಿಗೂ ಹೆಚ್ಚು ತಡ ಮಾಡುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲಿ ಅದು ಸುಮಾರು ಒಂದು ಪೂರ್ತಿ ಪೆಟ್ಟಿನ ತಡ. ತಂತಿ ಇರುವುದನ್ನೇ ಬಳಸಿ.

ಎಣ್ಣೆ ಹಾಕಬೇಕೇ? ಯಾವ ಎಣ್ಣೆ?

ಹೊಲಿಗೆ ಯಂತ್ರದ ಎಣ್ಣೆ, ಜಾಯಿಂಟ್‌ಗೊಂದು ಹನಿ, ಬೇರಿಂಗ್‌ಗೊಂದು ಹನಿ. ಹೆಚ್ಚಾದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳೋ ಎರೆಮಣ್ಣಿನ ಧೂಳೋ ಅಲ್ಲಿ ಕುಳಿತು ಅರೆಯುತ್ತದೆ. ಕೊಬ್ಬರಿ ಎಣ್ಣೆಯನ್ನು ಖಂಡಿತ ಹಾಕಬೇಡಿ. ಅದು 24 ಡಿಗ್ರಿ ಆಸುಪಾಸಿನಲ್ಲಿಯೇ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೀದರ್ ಬೆಳಗ್ಗೆ ಪೆಡಲ್ ಬಿಗಿಹಿಡಿದ ಹಾಗಿದ್ದರೆ ಯಾರೋ ಆ ಕೆಲಸ ಮಾಡಿದ್ದಾರೆ ಎಂದೇ ತಿಳಿಯಿರಿ. ಕಿಟ್ ಮೇಲೆ ಹಳೆಯ ಸೀರೆಯೊಂದನ್ನು ಮುಚ್ಚಿಡುವುದು ಯಾವ ಎಣ್ಣೆಗಿಂತಲೂ ಒಳ್ಳೆಯ ಆರೈಕೆ.

ಎಲ್ಲಿ ಕೊಳ್ಳಲಿ? ಹಳೆಯದು ಕೊಂಡರೆ ನಡೆಯುತ್ತದೆಯೇ?

ಬೀದರ್, ಯಾದಗಿರಿಯವರಿಗೆ ಹೈದರಾಬಾದ್ ಹತ್ತಿರ. ಕಲಬುರಗಿಯವರಿಗೆ ಸೊಲ್ಲಾಪುರವೂ ಇದೆ. ಆನ್‌ಲೈನ್‌ನಲ್ಲಿ ಸ್ವಲ್ಪ ಅಗ್ಗ ಸಿಗಬಹುದು, ಆದರೆ ಪೆಡಲನ್ನು ಕಾಲಿಟ್ಟು ನೋಡದೆ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಕಿಕ್ ಪ್ಯಾಡಿನ ಅಗಲ ಮತ್ತು ಪೆಡಲ್ ಕಚ್ಚಿಕೊಳ್ಳುವ ಪಟ್ಟಿಯ ದಪ್ಪವನ್ನು ಬರೆದುಕೊಂಡು ಹೋಗಿ, ಪ್ಯಾಡಿನ ಒಂದು ಫೋಟೊವೂ ಮೊಬೈಲ್‌ನಲ್ಲಿರಲಿ.

ಹಳೆಯದಾದರೆ ಮುಖ್ಯ ಪೆಡಲಿನ ಎಡ ಬೀಟರನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಎಡ ಪೆಡಲನ್ನು ಮೆಲ್ಲಗೆ ಒತ್ತಿ. ಬೀಟರ್ ನಿಂತಿದ್ದರೂ ಪೆಡಲ್ ಗಮನಕ್ಕೆ ಬರುವಷ್ಟು ಇಳಿದರೆ ಜಾಯಿಂಟ್‌ಗಳು ಸವೆದಿವೆ. ಆ ಸಡಿಲವನ್ನು ಯಾವ ಹೊಂದಾಣಿಕೆಯೂ ತುಂಬಿಕೊಡುವುದಿಲ್ಲ. ಎಷ್ಟೇ ಹೆಸರಾಂತ ಕಂಪನಿಯದಾದರೂ ಅಲ್ಲಿಯೇ ಬಿಟ್ಟು ಬನ್ನಿ. ಚೈನ್, ಸ್ಪ್ರಿಂಗ್, ಬೀಟರ್ ಹಳತಾಗಿದ್ದರೆ ಚಿಂತೆಯಿಲ್ಲ, ಅವು ಬಿಡಿಯಾಗಿ ಸಿಗುತ್ತವೆ.

ಕಲಿಯುವುದು ಎಲ್ಲಿಂದ ಆರಂಭಿಸಲಿ?

ಮೆಟ್ರೊನೋಮ್ 70ಕ್ಕೆ ಇಟ್ಟು, ಎಡಗಾಲಿನಿಂದ ಆರಂಭವಾಗುವ ಸರಳ ಪೆಟ್ಟುಗಳಿಂದ. ಮಾಡ್ಯೂಲಿನಲ್ಲಿ ವೆಲಾಸಿಟಿ ಕರ್ವ್ ಎಂಬುದಿದೆ. ಅದನ್ನು ಬದಲಿಸಿ ಮೆಲು ಪೆಟ್ಟನ್ನೂ ಜೋರಾಗಿ ಕೇಳಿಸಬಹುದು. ವೇದಿಕೆಯ ಮೇಲೆ ಬೇಕಾದರೆ ಬಳಸಿ. ಅಭ್ಯಾಸದಲ್ಲಿ ಲೀನಿಯರ್, ಅಂದರೆ ಪೆಟ್ಟಿದ್ದಷ್ಟೇ ಸದ್ದು ಕೊಡುವ ಕರ್ವ್, ಇರಲಿ, ಎಡಗಾಲಿನ ನಿಜಸ್ಥಿತಿ ನಿಮಗೆ ಕೇಳಿಸಲಿ.

ಚರ್ಚಿನ ಹಾಡುಗಳಿಗೆ, ಆರ್ಕೆಸ್ಟ್ರಾಗೆ ಡಬಲ್ ಪೆಡಲ್ ಬೇಕೇ ಬೇಕೇ?

ಇಲ್ಲ. ಹೆಚ್ಚಿನ ಹಾಡುಗಳಿಗೆ ಒಂದು ಒಳ್ಳೆಯ ಸಿಂಗಲ್ ಪೆಡಲ್ ಸಾಕು. ಹಾಡಿನ ಕೊನೆಯಲ್ಲಿ ಒಂದು ಉರುಳಿಕೆ, ಅಲ್ಲಲ್ಲಿ ಜೋಡಿ ಪೆಟ್ಟು ಹಾಕಲು ಡಬಲ್ ಇದ್ದರೆ ಅನುಕೂಲ, ಅಷ್ಟೇ. ಇರುವ ಹಣ ಸೀಮಿತವಾಗಿದ್ದು ಕಿಕ್ ಪ್ಯಾಡ್ ಚಿಕ್ಕದಿದ್ದರೆ ಮೊದಲು ಅಗಲವಾದ ಪ್ಯಾಡ್ ಕೊಳ್ಳಿ, ಪೆಡಲ್ ಮುಂದಿನ ವರ್ಷಕ್ಕಿರಲಿ.